ನೀರಿನ ಹಿಡಿತ

ಎರಡು ಎಂಜಿನ್ ಇರುವ ಬೋಟಿನಲ್ಲಿ ಎಡದ್ದು ಸೊರಗಿದರೆ ಬಲದ್ದರ ಪಕ್ಕಕ್ಕಿಟ್ಟು ನೋಡಬಹುದು. ಅದರ ಸುತ್ತು ಎಷ್ಟು, ಇದರದ್ದೆಷ್ಟು ಎಂದು ಅಳೆಯಬಹುದು. ಅದರ ಪ್ಲಗ್ಗನ್ನು ಇದಕ್ಕೆ ಹಾಕಿ, ದೋಷವೂ ಜೊತೆಗೇ ಬರುತ್ತದೆಯೋ ಎಂದು ಪರೀಕ್ಷಿಸಬಹುದು. ಒಂಟಿ ಎಂಜಿನ್ನಿನ ದೋಣಿಗೆ ಆ ಅನುಕೂಲವಿಲ್ಲ. ಹೋಲಿಸಿ ನೋಡಲು ಅದಕ್ಕಿರುವುದು ಅದರದೇ ನಿನ್ನೆ ಮಾತ್ರ. ‘ಮುಂಚೆ ಹೇಗೆ ಓಡ್ತಿತ್ತು?’ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಸ್ಪ್ಯಾನರ್ ಎತ್ತಿಕೊಳ್ಳುವ ಮೆಕ್ಯಾನಿಕ್ಕಿನ ಮೇಲೆ ನನಗೆ ನಂಬಿಕೆ ಹುಟ್ಟುವುದಿಲ್ಲ. ಆ ಪ್ರಶ್ನೆಯನ್ನು ಕೇಳಿ, ಉತ್ತರ ಸಿಗುವ ತನಕ ಕಾಯುವವರ ಕೆಲಸ ನೋಡುತ್ತ ನಿಲ್ಲುವುದೇ ಒಂದು ಸುಖ.

ನಮ್ಮ ಕರಾವಳಿಯಲ್ಲಿ ಇದು ಬರೀ ಸುಖದ ಮಾತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ಬೋಟುಗಳು ದಡ ಸೇರುತ್ತವೆ. ಆಗ ಕಡಲಿಗಿಳಿಯುವುದು ನಾಡದೋಣಿಗಳು, ಹಿಂಬದಿಗೆ ಹತ್ತು ಅಶ್ವಶಕ್ತಿಯೊಳಗಿನ ಒಂದು ಔಟ್‌ಬೋರ್ಡ್ ಕಟ್ಟಿಕೊಂಡು. ಗಂಗೊಳ್ಳಿಯಲ್ಲಿ ಐದು ನದಿಗಳು ಒಟ್ಟಾಗಿ ಸಮುದ್ರ ಸೇರುವ ಅಳಿವೆಯನ್ನು ಮಳೆಗಾಲದಲ್ಲಿ ದಾಟುವಾಗ ನಂಬಬೇಕಾದದ್ದು ಆ ಒಂದು ಎಂಜಿನ್ನನ್ನೇ. ಅದರ ಸದ್ದಿನಲ್ಲಾಗುವ ಸಣ್ಣ ವ್ಯತ್ಯಾಸವೂ ದೋಣಿಯವರ ಕಿವಿಗೆ ಬೀಳುತ್ತದೆ.

ಬಲ್ಲವರು ಮೊದಲು ನೋಡುವುದು ಎಂಜಿನ್ನಿನ ಸುತ್ತು ಮತ್ತು ದೋಣಿಯ ವೇಗ. ಇವೆರಡನ್ನೂ ಕೂಡಿಸಿ ಓದಬೇಕು. ಪ್ರೊಪೆಲ್ಲರಿನ ಪಿಚ್ ಎಂದರೆ, ಮರದೊಳಗೆ ಇಳಿಯುವ ತಿರುಪಿನ ಹಾಗೆ, ಒಂದು ಸುತ್ತಿಗೆ ಅದು ಎಷ್ಟು ಮುಂದೆ ಹೋಗಬೇಕು ಎಂಬ ಲೆಕ್ಕ. ಪಿಚ್ 13 ಅಂಗುಲ, ಅಂದರೆ 33 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 5,000 ಸುತ್ತು, ಗೇರಿನಲ್ಲಿ ಅದು ಅರ್ಧವಾಗಿ ಪ್ರೊಪೆಲ್ಲರಿಗೆ 2,500. ನಿಮಿಷಕ್ಕೆ 825 ಮೀಟರ್, ಗಂಟೆಗೆ ಸುಮಾರು 49 ಕಿಲೋಮೀಟರ್ ಹೋಗಬೇಕು. ಆದರೆ ನೀರು ಮರವಲ್ಲ, ಜಾರುತ್ತದೆ. ಜಿಪಿಎಸ್ 42 ಎಂದು ತೋರಿಸಿದರೆ ನೂರಕ್ಕೆ ಹದಿನೈದರಷ್ಟು ಜಾರಿಹೋಯಿತು ಎಂದರ್ಥ, ಹಗುರವಾದ ವೇಗದ ದೋಣಿಗೆ ಅದು ಒಪ್ಪತಕ್ಕದ್ದೇ. ಭಾರ ಹೊತ್ತು ನಿಧಾನ ಹೋಗುವ ದೋಣಿಯಲ್ಲಿ ಜಾರಿಕೆ ಇದಕ್ಕಿಂತ ಬಹಳ ಹೆಚ್ಚು. ನಿಮ್ಮ ದೋಣಿ ಚೆನ್ನಾಗಿದ್ದಾಗ ಎಷ್ಟು ಜಾರುತ್ತಿತ್ತು ಎಂಬುದನ್ನು ಬರೆದಿಟ್ಟಿದ್ದರೆ, ಕೆಟ್ಟ ದಿನ ಆ ಒಂದು ಸಾಲು ಅರ್ಧ ಪೆಟ್ಟಿಗೆ ಸಾಮಾನಿಗೆ ಸಮ.

ಸುತ್ತು ಏರಿದೆ, ವೇಗ ಬಿದ್ದಿದೆ ಎನ್ನಿ. ಆಗ ಎಂಜಿನ್ನಿನ ತಪ್ಪಿಲ್ಲ, ಹುಟ್ಟಿದ ಶಕ್ತಿ ನೀರನ್ನು ಹಿಡಿಯುತ್ತಿಲ್ಲ. ಪ್ರೊಪೆಲ್ಲರಿನ ನಡುವೆ ಒಂದು ರಬ್ಬರಿನ ಹಬ್ ಇರುತ್ತದೆ. ಕಲ್ಲಿಗೆ ತಾಗಿದಾಗ ಗೇರು ಮುರಿಯದೆ ಉಳಿಯಲಿ ಎಂದು ತಾನೇ ಜಾರುವ ಉಪಕಾರಿ ಅದು. ಸವೆದ ಮೇಲೆ ಕಲ್ಲಿಲ್ಲದಿದ್ದರೂ ಜಾರುತ್ತದೆ. ನಿಧಾನ ಹೋಗುವಾಗ ಎಲ್ಲ ಸರಿಯಿರುತ್ತದೆ, ಜೋರು ಕೊಟ್ಟೊಡನೆ ಎಂಜಿನ್ ಕಿರುಚುತ್ತದೆ, ದೋಣಿ ಇದ್ದಲ್ಲೇ ಇರುತ್ತದೆ. ಇದನ್ನು ಪತ್ತೆ ಹಚ್ಚುವ ಉಪಾಯದ ಸರಳತೆ ನನ್ನನ್ನು ಪ್ರತಿ ಸಲ ಬೆರಗುಗೊಳಿಸುತ್ತದೆ: ಒಳಗಿನ ಲೋಹದ ತೋಳಿನಿಂದ ಹೊರಗಿನ ಪ್ರೊಪೆಲ್ಲರಿನ ತನಕ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದು, ಒಮ್ಮೆ ಜೋರಾಗಿ ಓಡಿಸಿ ಬಂದು ನೋಡುವುದು. ಗೆರೆ ಎರಡು ತುಂಡಾಗಿ ಬೇರೆಬೇರೆ ಕಡೆ ನಿಂತಿದ್ದರೆ ವಿಚಾರಣೆ ಮುಗಿಯಿತು. ಗೆರೆ ನೆಟ್ಟಗಿದ್ದು, ತಿರುವಿನಲ್ಲಿ ಮಾತ್ರ ಸುತ್ತು ಎಗರುತ್ತಿದ್ದರೆ ಪ್ರೊಪೆಲ್ಲರು ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತಿದೆ, ಎಂಜಿನ್ ಎತ್ತರದಲ್ಲಿ ಕೂತಿದೆ ಎಂದು ಅನುಮಾನಿಸಬೇಕು. ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆ ಹೆಚ್ಚುಕಮ್ಮಿ ದೋಣಿಯ ತಳದ ಮಟ್ಟಕ್ಕೆ ಬರಬೇಕು.

ಸುತ್ತೂ ಏರದೆ, ವೇಗವೂ ಏರದೆ ಇದ್ದಾಗ ದಾರಿ ಎರಡಾಗುತ್ತದೆ. ಒಂದೋ ಎಂಜಿನ್ ಬಡವಾಗಿದೆ, ಇಲ್ಲವೋ ಹೊರೆ ಹೆಚ್ಚಿದೆ. ತಳಕ್ಕೆ ಪಾಚಿ, ಚಿಪ್ಪುಜೀವಿ ಅಂಟಿದರೂ, ಫೈಬರಿನ ಒಳಪದರದಲ್ಲಿ ನೀರು ತುಂಬಿದರೂ ಮೊದಲು ತಿಳಿಸುವುದು ಎಂಜಿನ್ನಿನ ಸೋತ ದನಿಯೇ. ಎಷ್ಟೋ ಕಾರ್ಬ್ಯುರೇಟರುಗಳನ್ನು ಸುಮ್ಮಸುಮ್ಮನೆ ಬಿಚ್ಚುತ್ತಾರೆ. ದೋಣಿಯನ್ನು ಮರಳಿಗೆ ಎಳೆದು ತಳ ಸವರಿ ನೋಡಿದ್ದರೆ ಆ ಕೆಲಸವೇ ಬೀಳುತ್ತಿರಲಿಲ್ಲ.

ತಳ ಸ್ವಚ್ಛವಿದ್ದರೆ ಇಂಧನದ ಸರದಿ. ಇಲ್ಲಿ ನನಗೆ ಅತಿ ಇಷ್ಟವಾದ ಉಪಕರಣ, ಟ್ಯಾಂಕಿನಿಂದ ಬರುವ ಪೈಪಿನ ನಡುವೆ ಇರುವ ಮೊಟ್ಟೆಯಾಕಾರದ ರಬ್ಬರ್ ಬಲ್ಬು. ಎಂಜಿನ್ ಚಾಲೂ ಮಾಡುವ ಮೊದಲು ಎಣ್ಣೆ ಏರಿಸಲು ಅದನ್ನು ಹಿಸುಕುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಆದರೆ ಓಟದ ನಡುವೆ ಎಂಜಿನ್ ಸೊರಗಿದಾಗ ಒಬ್ಬರು ಚುಕ್ಕಾಣಿ ಹಿಡಿದು, ಇನ್ನೊಬ್ಬರು ಬಲ್ಬು ಹಿಸುಕಲಿ. ಕೂಡಲೇ ಉಸಿರು ಬಂದರೆ ಎಂಜಿನ್ನಿನ ಇಂಧನ ಪಂಪು ದುರ್ಬಲವಾಗಿದೆ, ಇಲ್ಲವೇ ಪೈಪಿನಲ್ಲಿ ಎಲ್ಲೋ ಗಾಳಿ ನುಸುಳುತ್ತಿದೆ. ಬಲ್ಬು ತಾನಾಗಿ ಚಪ್ಪಟೆಯಾಗಿ ಹೀರಿಕೊಂಡಿದ್ದರೆ ಅಡಚಣೆ ಟ್ಯಾಂಕಿನ ಕಡೆಗಿದೆ. ಟ್ಯಾಂಕಿನ ಮುಚ್ಚಳದ ಗಾಳಿತಿರುಪನ್ನು ಬಿಡಿಸಲು ಮರೆತರೂ ಹೀಗೇ ಆಗುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಒಳಗೆ ನಿರ್ವಾತ ಬೆಳೆದಂತೆ ಎಂಜಿನ್ ಕುಗ್ಗುತ್ತದೆ. ಮುಚ್ಚಳ ಸಡಿಲಿಸಿದಾಗ ಬುಸ್ಸೆಂದು ಗಾಳಿ ಒಳಹೋಗುವ ಸದ್ದಿನಷ್ಟು ಸ್ಪಷ್ಟವಾದ ಉತ್ತರ ಯಂತ್ರಗಳಿಂದ ಅಪರೂಪಕ್ಕೆ ಸಿಗುತ್ತದೆ. ಅಂಗೈಯಲ್ಲಿ ಹಿಡಿದು ಎಂಜಿನ್ನಿನ ಹಸಿವನ್ನು ಅರಿಯಬಹುದಾದ ವಸ್ತು ಆ ಬಲ್ಬು, ಬೆಲೆ ಕೇಳಿದರೆ ಏನೇನೂ ಅಲ್ಲ.

ಪ್ಲಗ್ಗು ಕಂದಾಗಿದ್ದರೆ ಉರಿ ಹದವಾಗಿದೆ, ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಎಣ್ಣೆ ಸಾಲದೆ ಬಿಸಿ ಮಿತಿಮೀರಿದೆ. ಗೇರಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನ ಮೂಲಕ ನೀರು ಹೊಕ್ಕಿದೆ, ಬಹುಪಾಲು ಶಾಫ್ಟಿಗೆ ಸುತ್ತಿಕೊಂಡ ಗಾಳದ ದಾರದ ಕೆಲಸ. ಹಿಂಬದಿಯಿಂದ ಚಿಮ್ಮುವ ತೆಳು ನೀರಿನ ಧಾರೆ ಕ್ಷೀಣಿಸಿದರೆ ಎಂಜಿನ್ ತಣಿಸುವ ನೀರು ಹೋಗುತ್ತಿಲ್ಲ, ಅಲ್ಲಿಗೆ ನಿಲ್ಲಿಸಿಬಿಡಬೇಕು.

ಇಂಥ ಪತ್ತೇದಾರಿಕೆಯಲ್ಲಿ ನಾನು ಬಲ್ಲ ಅತ್ಯಂತ ಸುಂದರ ಪ್ರಕರಣ ಇಂಗ್ಲೆಂಡಿನ ಟೈನ್ ನದಿಯದು. ಚಾರ್ಲ್ಸ್ ಪಾರ್ಸನ್ಸ್ ತಾನು ರೂಪಿಸಿದ ಹಬೆ ಟರ್ಬೈನನ್ನು ಹಡಗಿಗೆ ಜೋಡಿಸಿ ತೋರಿಸಲು 1894ರಲ್ಲಿ ‘ಟರ್ಬಿನಿಯಾ’ವನ್ನು ನೀರಿಗಿಳಿಸಿದ. ಸುಮಾರು 31 ಮೀಟರ್ ಉದ್ದ, ಅಗಲ ಮೂರು ಮೀಟರೂ ಇಲ್ಲ, ಒಂದು ಟರ್ಬೈನು, ಒಂದು ಶಾಫ್ಟು. ಓಡಿದ್ದು 20 ನಾಟ್‌ಗಿಂತ ತುಸು ಕಡಿಮೆ. ಅವನಿಗೆ ಬೇಕಿದ್ದುದು ಅದಕ್ಕಿಂತ ಬಹಳ ಹೆಚ್ಚು. ಟರ್ಬೈನು ಅವನದೇ ಕೂಸು, ಸಂಶಯ ಮೊದಲು ಬರಬೇಕಾದದ್ದೂ ಅದರ ಮೇಲೆಯೇ. ಹೋಲಿಸಿ ನೋಡೋಣವೆಂದರೆ ಅಂಥ ಹಡಗು ಲೋಕದಲ್ಲಿ ಇನ್ನೊಂದಿರಲಿಲ್ಲ, ಇದಕ್ಕೆ ನಿನ್ನೆಯೂ ಇರಲಿಲ್ಲ. ಅವನು ಊಹೆಗೆ ಹೋಗಲಿಲ್ಲ. ಟರ್ಬೈನಿನಿಂದ ಪ್ರೊಪೆಲ್ಲರಿಗೆ ದಾಟುವ ತಿರುಚುಬಲವನ್ನು ಅಳೆಯುವ ಸಾಧನವನ್ನೇ ಕಟ್ಟಿ ಶಾಫ್ಟಿಗೆ ಜೋಡಿಸಿದ. ಟರ್ಬೈನು ನಿರ್ದೋಷಿ, ಶಕ್ತಿ ಕಳೆಯುತ್ತಿದ್ದುದು ಪ್ರೊಪೆಲ್ಲರಿನ ಬಳಿ ಎಂಬುದು ಖಚಿತವಾಯಿತು.

ಅತಿ ವೇಗದಲ್ಲಿ ಅಲಗಿನ ಬೆನ್ನಿನ ಕಡೆ ಒತ್ತಡ ಎಷ್ಟು ಬೀಳುತ್ತದೆಂದರೆ ತಣ್ಣನೆಯ ನೀರೇ ಕುದಿದು ಆವಿಯ ಗುಳ್ಳೆಯಾಗುತ್ತದೆ. ಪ್ರೊಪೆಲ್ಲರು ನೀರಿನ ಬದಲು ಟೊಳ್ಳನ್ನು ತಳ್ಳುತ್ತದೆ. ಇದನ್ನು ಕಣ್ಣಾರೆ ಕಾಣಲು ಪಾರ್ಸನ್ಸ್ ಎರಡಂಗುಲದ ಪ್ರೊಪೆಲ್ಲರನ್ನು ಕುದಿಯಲು ಸ್ವಲ್ಪವೇ ಬಾಕಿಯಿದ್ದ ನೀರಿನಲ್ಲಿ ತಿರುಗಿಸಿದ. ಬಿಸಿ ನೀರಿನಲ್ಲಿ ಕಡಿಮೆ ವೇಗಕ್ಕೇ ಗುಳ್ಳೆ ಏಳುತ್ತದೆ. ತಿರುಗುವ ಕನ್ನಡಿಯಿಂದ ಆರ್ಕ್ ದೀಪದ ಬೆಳಕನ್ನು ಸುತ್ತಿಗೊಮ್ಮೆ ಮಾತ್ರ ಬೀಳಿಸಿದಾಗ ಓಡುವ ಅಲಗು ನಿಂತಂತೆ ಕಂಡಿತು, ಅದರ ಬೆನ್ನಿಗಂಟಿದ ಟೊಳ್ಳೂ ಕಂಡಿತು. 1895ರಲ್ಲಿ ಇದಕ್ಕೆಂದೇ ಗಾಜಿನ ಕಿಟಕಿಯ ನೀರಿನ ಸುರಂಗವೊಂದನ್ನು ಕಟ್ಟಿದ. ಇಂದು ಹಡಗಿನ ಪ್ರೊಪೆಲ್ಲರುಗಳನ್ನು ಪರೀಕ್ಷಿಸುವ ದೊಡ್ಡ ಸುರಂಗಗಳೆಲ್ಲ ಅದರ ಸಂತತಿ. ಬೆಳಕು, ಬಿಸಿ, ಕನ್ನಡಿ ಇಷ್ಟರಿಂದಲೇ ಕಾಣದ್ದನ್ನು ಕಾಣಿಸಿದ ಆ ಪ್ರಯೋಗವನ್ನು ನೆನೆದಾಗೆಲ್ಲ ನನಗೆ ಮೈ ನವಿರೇಳುತ್ತದೆ.

ರೋಗ ಕಂಡ ಮೇಲೆ ಮದ್ದು ಸರಳವಾಯಿತು: ಹೊರೆಯನ್ನು ಹೆಚ್ಚು ಅಲಗುಗಳಿಗೆ ಹಂಚುವುದು. ಒಂದು ಟರ್ಬೈನಿನ ಜಾಗಕ್ಕೆ ಮೂರು ಬಂದವು, ಮೂರು ಶಾಫ್ಟುಗಳಲ್ಲಿ ತಲಾ ಮೂರರಂತೆ ಒಂಬತ್ತು ಪ್ರೊಪೆಲ್ಲರುಗಳು ಕೂತವು. ಒಡಲು ಅದೇ ಹಳೆಯದು. 1897ರ ಜೂನ್ 26ರಂದು ಸ್ಪಿಟ್‌ಹೆಡ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಸಾಲುಗಳ ನಡುವೆ ಅದು ನುಗ್ಗಿದಾಗ ಬೆನ್ನಟ್ಟಿದ ಗಸ್ತು ದೋಣಿಗಳಿಗೆ ಸಿಗಲಿಲ್ಲ. ಅದರ ವೇಗ ಆಗ 34 ನಾಟ್ ಮುಟ್ಟುತ್ತಿತ್ತು.