ಕೈಕೊಟ್ಟ ಕಿವಿ

ಮಾಗಡಿ ಕೆರೆಯ ಹೆಬ್ಬಾತುಗಳ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. ಈ ಅಂಕಣದ ಹಳೇ ಗಿರಾಕಿಗಳಿಗೆ ಅದನ್ನು ಹೇಳಬೇಕಾಗಿಲ್ಲ. ಆದರೂ ಪ್ರತಿ ಚಳಿಗಾಲ ಒಬ್ಬರಾದರೂ ತಾವರೆಕೆರೆ ದಾಟಿಕೊಂಡು ಹೋಗಿ, ಕೆಂಪೇಗೌಡರ ಊರಲ್ಲಿ ಹೆಬ್ಬಾತು ಹುಡುಕಿ, ಕಾಣದೆ, ವಾಪಸು ಬಂದು ನನಗೆ ಬೈದು ಪತ್ರ ಬರೆಯುತ್ತಾರೆ.

ಹೋದವರು ಇಬ್ಬರೇ, ನಾನು ಮತ್ತು ಭೂಗೋಳದ ಮೇಷ್ಟ್ರು. ಇಬ್ಬರ ವಯಸ್ಸು ಕೂಡಿದರೆ 141. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲೇ ಕೈತಪ್ಪಿತು, ಕೆಳಗಿನ ಬರ್ತ್ ಒಂದೇ ಸಿಕ್ಕಿತು. ಅದು ಯಾರಿಗೆ ಎಂಬ ಚರ್ಚೆ ಮಂಡ್ಯ ದಾಟುವವರೆಗೂ ನಡೆದು ಮೇಷ್ಟ್ರ ಮಂಡಿ ಗೆದ್ದಿತು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೇ ಈ ಹೆಬ್ಬಾತು ಬರುತ್ತದೆ, ಮೈಸೂರಿಂದ ಬಸ್ಸಿನಲ್ಲಿ ಹೋಗಿ ಊಟದ ಹೊತ್ತಿಗೆ ಮನೆಗೆ ಬರಬಹುದು ಎಂದು ನಾನು ಹೇಳಿದ್ದೆ. ಮೇಷ್ಟ್ರು ಒಪ್ಪಲಿಲ್ಲ. ‘ನಿವೃತ್ತಿ ಆದ ಮೇಲೂ ಹತ್ತಿರದ್ದನ್ನೇ ನೋಡೋದಾದ್ರೆ ನಿವೃತ್ತಿ ಯಾಕ್ರೀ ಆಗಬೇಕಿತ್ತು?’ ಅಂದರು.

ಬೆಳಗಿನ ಜಾವ ಏರಿಯ ಮೇಲೆ ನಿಂತೆವು. ಕತ್ತಲು ಕರಗುವ ಹೊತ್ತಿಗೆ ಪೂರ್ವದ ಹೊಲಗಳ ಕಡೆಯಿಂದ ಸಾಲು ಸಾಲಾಗಿ ಬಂದವು. ಮೊದಲು ಗಂಟಲಿನ ದನಿ, ಆಮೇಲೆ ರೆಕ್ಕೆ. ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟಿ, ಯಾರೋ ಇದ್ದಿಲಿನಿಂದ ಗೆರೆ ಎಳೆದ ಹಾಗೆ. ಮಂಗೋಲಿಯಾ, ಟಿಬೆಟ್ಟುಗಳಲ್ಲಿ ಮರಿಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. ಬೆನ್ನಿಗೆ ಯಂತ್ರ ಕಟ್ಟಿ ಲೆಕ್ಕ ಹಾಕಿದವರು 7 ಸಾವಿರ ಮೀಟರಿಗೂ ಮೇಲೆ ಹಾರಿದ್ದನ್ನು ದಾಖಲಿಸಿದ್ದಾರೆ. ಅಷ್ಟು ಎತ್ತರದ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಾಚಿಕೊಳ್ಳುವ ರಕ್ತ ಅದರದು. ನನಗಾದರೋ ಕೆರೆ ಏರಿ ಹತ್ತಿದ್ದಕ್ಕೇ ಏದುಸಿರು. ಪಕ್ಕದಲ್ಲಿ ಎಮ್ಮೆ ಹೊಡೆದುಕೊಂಡು ಬಂದವರೊಬ್ಬರು ವಿಜ್ಞಾನವನ್ನೆಲ್ಲ ಒಂದು ಮಾತಿಗೆ ಇಳಿಸಿದರು: ‘ರಾತ್ರಿ ನಮ್ಮ ಹೊಲದಾಗ ಮೇಯ್ತಾವ್ರೀ, ಹಗಲಾ ಕೆರ್‍ಯಾಗ ನಿದ್ದಿ ಮಾಡ್ತಾವ. ನಮ್ಮನಿ ಅಳಿಯಾನ ಹಂಗ.’

ಇಲ್ಲಿಂದ ಮುಂದೆ ಕೆರೆಯ ವಿಸ್ತೀರ್ಣ, 2024ರಲ್ಲಿ ಅದು ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು, ಇವನ್ನೆಲ್ಲ ಬರೆಯಬೇಕೆಂದು ಟಿಪ್ಪಣಿ ಮಾಡಿಟ್ಟಿದ್ದೆ. ಬರೆಯುವುದಿಲ್ಲ. ಏರಿಯ ಮೇಲೆ ಆದ ಇನ್ನೊಂದು ಸಂಗತಿ ವಾರದಿಂದ ಕೊರೆಯುತ್ತಿದೆ, ಸಂಪಾದಕರು ಸೋಮವಾರ ಸಂಜೆ ಬರಹ ಕೇಳುತ್ತಾರೆ, ಬೇರೆ ದಾರಿ ಇಲ್ಲ.

ನಮ್ಮ ಜೊತೆ ಗದಗಿನ ಕಾಲೇಜು ಹುಡುಗನೊಬ್ಬ ನಿಂತಿದ್ದ. ಇದ್ದಕ್ಕಿದ್ದಂತೆ ತಲೆ ಎತ್ತಿ, ‘ಸರ್, ಪಿಪಿಟ್ ಹೊಂಟತ್ರೀ, ನೆತ್ತಿ ಮ್ಯಾಲೆ’ ಅಂದ. ನಾನು ಕಿವಿಗೊಟ್ಟೆ. ಹೆಬ್ಬಾತುಗಳ ಗದ್ದಲ, ದೂರದ ಟ್ರ್ಯಾಕ್ಟರು, ಎಮ್ಮೆಯ ಉಸಿರು. ಪಿಪಿಟ್ ಹಕ್ಕಿಯ ದನಿ ಇಲ್ಲ. ‘ಹೌದೌದು, ಚೆನ್ನಾಗಿ ಕೇಳ್ತಿದೆ’ ಅಂದರು ಮೇಷ್ಟ್ರು. ‘ಎರಡಿವೆ ಅನ್ಸುತ್ತೆ’ ಅಂದೆ ನಾನು. ಹುಡುಗ ಸಂತೋಷಪಟ್ಟ. ಹಿಂದಿರುಗುವ ರೈಲಿನಲ್ಲಿ ಹಾವೇರಿ ಬರುವವರೆಗೆ ನಾವಿಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಆಮೇಲೆ ಮೇಷ್ಟ್ರೇ ಕೇಳಿದರು: ‘ನಿಮಗೂ ಕೇಳಿಸಲಿಲ್ಲ, ಅಲ್ವಾ?’

ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲೇ, ಮಾನಸಗಂಗೋತ್ರಿಯಲ್ಲಿ, ವಾಕ್ ಶ್ರವಣ ಸಂಸ್ಥೆ ಇದೆ. ಶುರುವಾದದ್ದು 1965ರಲ್ಲಿ. ಹಕ್ಕಿಗಳ ದನಿ ಹಿಡಿಯುತ್ತ ನಲವತ್ತು ವರ್ಷ ಅದರ ಮುಂದೆ ಓಡಾಡಿದವನು ಮೊದಲ ಸಲ ಒಳಗೆ ಹೋದೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತಿ ಅಂದರು. ಎತ್ತಿದೆ, ಎತ್ತಿದೆ, ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತೆ. ಯಂತ್ರ ನಿಲ್ಲಿಸಿರಬೇಕು ಎಂದುಕೊಂಡೆ. ನಿಲ್ಲಿಸಿರಲಿಲ್ಲ. ಕೊನೆಗೆ ತೋರಿಸಿದ ಗೆರೆ 2 ಸಾವಿರ ಹರ್ಟ್ಸ್‌ವರೆಗೆ ದೊಡ್ಡಕೆರೆ ಮೈದಾನದ ಹಾಗೆ ಸಮತಟ್ಟು, 4 ಸಾವಿರದಿಂದ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದ ಹಾಗೆ ಕೆಳಕ್ಕೆ. ಎಳೆಯ ಕಿವಿಗೆ 20 ಸಾವಿರ ಹರ್ಟ್ಸ್‌ವರೆಗೂ ಕೇಳುತ್ತದಂತೆ. ವಯಸ್ಸು ಮೇಲಿನಿಂದ ಕತ್ತರಿಸುತ್ತ ಬರುತ್ತದೆ, ತಾರಸ್ಥಾಯಿ ಮೊದಲು ಹೋಗುತ್ತದೆ. ಮನುಷ್ಯರ ಮಾತು ಹೆಚ್ಚಾಗಿ ಕೆಳಗಿನ ಸ್ಥಾಯಿಯಲ್ಲಿರುವುದರಿಂದ ಮನೆಯಲ್ಲಿ ಯಾರಿಗೂ ಬೇಗ ಗೊತ್ತಾಗುವುದಿಲ್ಲ. ಹೆಂಡತಿ ಕರೆದದ್ದು ಕೇಳುತ್ತದೆ, ಹೂವಿನ ಗಿಡದಲ್ಲಿ ಸೂರಕ್ಕಿ ಕರೆದದ್ದು ಕೇಳುವುದಿಲ್ಲ. ಕೋಗಿಲೆ, ಕುಟ್ರು, ಕೆಂಬೂತ ದಪ್ಪ ದನಿಯವರು, ಕೊನೆತನಕ ಜೊತೆಗಿರುತ್ತಾರೆ. ಉಲಿಯಕ್ಕಿ, ಪಿಪಿಟ್, ಬದನಿಕೆ ಹಕ್ಕಿಗಳು ಹೇಳದೆ ಕೇಳದೆ ಜಾಗ ಖಾಲಿ ಮಾಡುತ್ತವೆ.

ಬದನಿಕೆ ಹಕ್ಕಿ ಅಂದೆನಲ್ಲ, ತಪ್ಪೊಪ್ಪಿಗೆ ಇರುವುದು ಅಲ್ಲಿ. ಹಿತ್ತಲಿನ ಮಾವಿನ ಮರದಲ್ಲಿ ಬದನಿಕೆ ದಂಡಿಯಾಗಿ ಬೆಳೆದಿದೆ. ಆ ಹಕ್ಕಿ ಬದುಕುವುದೇ ಅದರ ಹಣ್ಣಿನ ಮೇಲೆ. ತಿಂದ ಹಣ್ಣಿನ ಬೀಜ ಅಂಟು ಅಂಟಾಗಿ ಹೊರಗೆ ಬರುತ್ತದೆ, ಹಕ್ಕಿ ಅದನ್ನು ಕೊಂಬೆಗೆ ಒರೆಸುತ್ತದೆ, ಬೀಜ ಅಲ್ಲೇ ಮೊಳೆಯುತ್ತದೆ. ಹಕ್ಕಿಯ ತೋಟಗಾರಿಕೆಗೆ ನಮ್ಮ ಮಾವು ಕಂದಾಯ ಕಟ್ಟುತ್ತದೆ. ಎಂಟು ಸೆಂಟಿಮೀಟರಿನ ಜೀವ, ಬೂದಿಬಣ್ಣ, ಎಲೆಗಳ ನಡುವೆ ಕಾಣಿಸುವುದೇ ಅಪರೂಪ, ಇದೆ ಎಂದು ತಿಳಿಯುತ್ತಿದ್ದುದು ಅದರ ಚಿಕ್ ಚಿಕ್ ದನಿಯಿಂದ ಮಾತ್ರ. ಎರಡು ವರ್ಷದಿಂದ ಆ ದನಿ ನಿಂತಿತ್ತು. ಹಿಂದಿನ ಸೈಟಿನಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡದ ಮೇಲೆ ಗೂಬೆ ಕೂರಿಸಿ, ‘ಬದನಿಕೆ ಹಕ್ಕಿಗೊಂದು ಶ್ರದ್ಧಾಂಜಲಿ’ ಎಂದು ಇದೇ ಜಾಗದಲ್ಲಿ ಬರೆದೆ. ಎಂದೂ ಬರದಷ್ಟು ಪತ್ರಗಳು ಬಂದವು. ನಮ್ಮಲ್ಲೂ ಮಾಯವಾಗಿದೆ ಎಂದು ಜಯನಗರ, ಸರಸ್ವತಿಪುರಂ, ಶಿವಮೊಗ್ಗ, ಧಾರವಾಡಗಳಿಂದ ಜನ ಬರೆದರು. ಮೊನ್ನೆ ಆ ಪತ್ರಗಳನ್ನು ತೆಗೆದು ನೋಡಿದೆ. ಹೆಸರಿನ ಕೆಳಗೆ ‘ನಿವೃತ್ತ’ ಎಂದಿಲ್ಲದ ಪತ್ರ ಒಂದೇ ಒಂದು, ಅದೂ ವೈದ್ಯರದು. ಅವರಿಗೆ ನಿವೃತ್ತಿಯಿಲ್ಲ.

ಹಕ್ಕಿಗಳು ಕಡಿಮೆಯಾಗುತ್ತಿಲ್ಲ ಎಂದು ಹೇಳುತ್ತಿಲ್ಲ, ದಯವಿಟ್ಟು ಆ ಕಟ್ಟಡದವರು ಈ ಪುಟ ಕತ್ತರಿಸಿ ಇಟ್ಟುಕೊಳ್ಳಬೇಡಿ. ಬಳ್ಳಾರಿ ಸೀಮೆಯ ಎರೆಭೂತ ಬೆರಳೆಣಿಕೆಗೆ ಇಳಿದಿರುವುದಕ್ಕೆ ಯಾರ ಕಿವಿಯೂ ಕಾರಣವಲ್ಲ.

ಶ್ರದ್ಧಾಂಜಲಿ ತಿರುಗುಮುರುಗಾದದ್ದು ರಜೆಗೆ ಬಂದ ಮೊಮ್ಮಗಳಿಂದ. ಹಿತ್ತಲಲ್ಲಿ ಫೋನ್ ಹಿಡಿದು ನಿಂತಿದ್ದವಳು, ‘ತಾತ, ಬದನಿಕೆ ಹಕ್ಕಿ ಸತ್ತೋಯ್ತು ಅಂತ ಬರೆದಿದ್ಯಲ್ಲ, ಮೂರು ಇವೆ ಇಲ್ಲಿ’ ಅಂದಳು. ಫೋನಿನಲ್ಲಿ ಮರ್ಲಿನ್. ಕಾರ್ನೆಲ್ ವಿಶ್ವವಿದ್ಯಾಲಯದವರು ಮಾಡಿದ ಆ್ಯಪ್. ದನಿ ಕೇಳಿಸಿಕೊಂಡು ಹಕ್ಕಿಯ ಹೆಸರು ಬೆಳಗಿಸುತ್ತದೆ. ಈ ಫೋನು ಪಂಗಡದ ಬಗ್ಗೆ ನಾನು ಎಷ್ಟು ವಾರ ವಿಷ ಕಾರಿದ್ದೇನೆ ಎಂಬುದಕ್ಕೆ ನೀವೇ ಸಾಕ್ಷಿ. ಪರದೆಯ ಮೇಲೆ ಹೆಸರು ಒಂದೊಂದಾಗಿ ಬೆಳಗಿತು. ಸೂರಕ್ಕಿ. ಬದನಿಕೆ. ಉಲಿಯಕ್ಕಿ. ಬದನಿಕೆ. ಬದನಿಕೆ. ನನಗೆ ಕೇಳಿದ್ದು ಪಕ್ಕದ ಮನೆಯ ಕುಕ್ಕರಿನ ಸೀಟಿ.

ಅರ್ಧ ಸೋಲು ಒಪ್ಪುತ್ತೇನೆ, ಪೂರ್ತಿಯಲ್ಲ. ಹತ್ತು ನಿಮಿಷದಲ್ಲಿ ಅದೇ ಪರದೆ ‘ಶಿಕ್ರಾ’ ಎಂದು ಬೆಳಗಿತು. ಮೊಮ್ಮಗಳು ಡೇಗೆ ಹುಡುಕಲು ಆಕಾಶ ನೋಡಿದಳು, ನಾನು ತಂತಿ ನೋಡಿದೆ. ಕಾಜಾಣ ಕೂತಿತ್ತು. ಶಿಕ್ರಾದ ದನಿ ಅನುಕರಿಸಿ ಮೈನಾಗಳನ್ನು ಹೆದರಿಸುವುದು ಅದರ ಹಳೇ ಚಾಳಿ. ಮೈನಾಗಳು ನಿಜವಾಗಿ ಹಾರಿಹೋದವು, ಕಾರ್ನೆಲ್ಲೂ ಅವುಗಳ ಜೊತೆಗೇ ಹೋಯಿತು.

ಇನ್ನೊಂದು ಫೋನು ಪಂಗಡಕ್ಕೆ ಮಾತ್ರ ಕಾಲು ಭಾಗದ ರಿಯಾಯಿತಿಯನ್ನೂ ಕೊಡಲಾರೆ. ಹಕ್ಕಿಯ ದನಿಯನ್ನು ಸ್ಪೀಕರಿನಲ್ಲಿ ಹಾಕಿ ಹಕ್ಕಿಯನ್ನೇ ಹೊರಗೆಳೆಯುವವರು ಇವರು. ಹೋದ ಅಕ್ಟೋಬರಿನಲ್ಲಿ ಕುಕ್ಕರಹಳ್ಳಿ ಕೆರೆಯ ಬಿದಿರುಮೆಳೆಗೆ ನವರಂಗ ಬಂದಿತ್ತು. ಉತ್ತರದಲ್ಲಿ ಮರಿಮಾಡಿ, ರಾತ್ರಿಯ ಹೊತ್ತು ಹಾರಿ, ಸುಸ್ತಾಗಿ ಇಳಿದು ಎಲೆ ಕೆದರಿ ಹುಳ ಹುಡುಕುವ ಹಕ್ಕಿ. ಕೊಳವೆಯಂಥ ಲೆನ್ಸು ಹೊತ್ತ ಐದಾರು ಜನ ದನಿ ಹಾಕಿದರು. ತನ್ನ ಜಾಗಕ್ಕೆ ಇನ್ನೊಂದು ಬಂದಿತೆಂದು ಅದು ಹೊರಗೆ ಬಂತು, ಒಳಗೆ ಹೋಯಿತು, ಮತ್ತೆ ಬಂತು. ಒಂದು ಗಂಟೆಯಲ್ಲಿ ಅದು ಒಂದು ಹುಳ ತಿಂದದ್ದನ್ನೂ ನಾನು ಕಾಣಲಿಲ್ಲ. ಹೇಳಲು ಹೋದೆ. ‘ಅಂಕಲ್, ಒಂದೇ ಫ್ರೇಮು’ ಅಂದರು. ಅರವತ್ತು ದಾಟಿದವರನ್ನು ಅಂಕಲ್ ಎನ್ನುವವರ ಜೊತೆ ವಾದ ಬೇಡವೆಂದು ಬಂದೆ, ಈಗಲೂ ಪಶ್ಚಾತ್ತಾಪವಿದೆ.

ಯಂತ್ರಗಳ ಮೇಲೆ ಸಿಟ್ಟು ಬಂದಾಗ ನಾನು ಸಲೀಂ ಅಲಿಯವರ ಪುಸ್ತಕ ತೆಗೆಯುತ್ತೇನೆ. 1941ರಲ್ಲಿ ಬಂದ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’. ನನ್ನ ಪ್ರತಿಯ ಬೆನ್ನು ಹರಿದು, ಬ್ಯಾಂಕಿನ ಹಳೇ ಲೆಡ್ಜರಿನ ರಟ್ಟು ಅಂಟಿಸಿಕೊಂಡು ಬದುಕಿದೆ. ಆ ಪುಸ್ತಕದ ಜಾಣತನವನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ. ಹಕ್ಕಿಯ ಗಾತ್ರ ಹೇಳಲು ಅವರು ಸ್ಕೇಲು ತೆಗೆಯುವುದಿಲ್ಲ. ಗುಬ್ಬಿಯಷ್ಟು, ಪಿಕಳಾರದಷ್ಟು, ಮೈನಾದಷ್ಟು, ಕಾಗೆಯಷ್ಟು, ಹದ್ದಿನಷ್ಟು. ಅದಕ್ಕಿಂತ ಕೊಂಚ ಹೆಚ್ಚೋ ಕಡಿಮೆಯೋ ಆದರೆ ಒಂದು ಕೂಡಿಸುವ ಗುರುತು, ಒಂದು ಕಳೆಯುವ ಗುರುತು, ಮುಗಿಯಿತು. ನಮ್ಮ ಅಂಗಳವೇ ಅವರ ಅಳತೆಗೋಲು. ಪೊದೆಯಲ್ಲಿ ಒಂದು ಕ್ಷಣ ಮಿಂಚಿದ್ದನ್ನು ಸೆಂಟಿಮೀಟರಿನಲ್ಲಿ ಯಾರು ಅಳೆಯುತ್ತಾರೆ? ‘ಗುಬ್ಬಿಗಿಂತ ಚಿಕ್ಕದು ಕಣ್ರೀ’ ಎಂದೇ ನಾವೂ ಹೇಳುವುದು. ಮೇಲೆ ಬದನಿಕೆಗೆ ಎಂಟು ಸೆಂಟಿಮೀಟರು ಎಂದು ಬರೆದೆನಲ್ಲ, ಗುರುಗಳು ಮೆಚ್ಚುತ್ತಿರಲಿಲ್ಲ. ಅವರ ಪುಟಗಳಲ್ಲಿ ಹಕ್ಕಿಯ ದನಿಯೂ ಹಾಗೆಯೇ ಅಕ್ಷರಕ್ಕೆ ಇಳಿದು ಬರುತ್ತದೆ. ಮೊದಲೆಲ್ಲ ಓದಿ, ಹೊರಗೆ ಹೋಗಿ ಕೇಳಿ, ಹೌದೋ ಅಲ್ಲವೋ ನೋಡುತ್ತಿದ್ದೆ. ಈಗ ಕೆಲವು ಹಕ್ಕಿಗಳ ದನಿ ನನಗೆ ಸಿಗುವುದು ಆ ಅಕ್ಷರಗಳಲ್ಲೇ. ಮೂವತ್ತೆರಡನೇ ವಯಸ್ಸಿನಲ್ಲಿ ಕೇಳಿದ್ದು ಓದುತ್ತಲೇ ಒಳಗಿನಿಂದ ಬರುತ್ತದೆ, ಸ್ವಲ್ಪ ದಪ್ಪಗಾಗಿ.

ಮೇಷ್ಟ್ರು ಶ್ರವಣ ಯಂತ್ರ ಹಾಕಿಸಿಕೊಂಡಿದ್ದಾರೆ. ಮೊದಲ ದಿನ ಕೆರೆಯ ಏರಿಯ ಮೇಲೆ ನಡೆಯುತ್ತ ಪ್ರತಿ ಇಪ್ಪತ್ತು ಹೆಜ್ಜೆಗೆ ನಿಂತರು. ‘ಇದು ಯಾವುದು? ಇದು?’ ಅರ್ಧ ಅವರ ಹೊಸ ಚಪ್ಪಲಿಯ ಕೀರಲು. ಇನ್ನರ್ಧ ಏನೆಂದು ನನಗೆ ಹೇಗೆ ಗೊತ್ತಾಗಬೇಕು? ನನ್ನ ಸರದಿ ಮುಂದಿನ ತಿಂಗಳು, ಪಿಂಚಣಿ ಬಂದ ಮೇಲೆ.

ಅದಕ್ಕೆ ಮೊದಲು ಇನ್ನೊಂದು ಕೆಲಸವಿದೆ. ಹಕ್ಕಿಯೇ ಹೋದ ಮೇಲೆ ಬದನಿಕೆ ಯಾಕೆ, ಮಾವಾದರೂ ಉಳಿಯಲಿ ಎಂದು ನಮ್ಮನೆಯಾಕೆ ಎರಡು ವರ್ಷದಿಂದ ಹೇಳಿದ್ದಕ್ಕೆ ಕೊನೆಗೂ ಹ್ಞೂಂ ಅಂದಿದ್ದೆ. ಮರ ಹತ್ತುವವನಿಗೆ ಐನೂರು ಮುಂಗಡ ಕೊಟ್ಟಾಗಿದೆ, ಶನಿವಾರ ಮಚ್ಚು ಹಿಡಿದು ಬರುವವನಿದ್ದ. ಅವನಿಗೆ ಫೋನ್ ಮಾಡಿ ಬರಬೇಡ ಅಂದೆ. ಮುಂಗಡ ವಾಪಸಿಲ್ಲ ಅಂದ. ಮನೆಯಾಕೆಗೆ ಇನ್ನೂ ಹೇಳಿಲ್ಲ. ಆಕೆ ಈ ಅಂಕಣ ಓದುವುದಿಲ್ಲ.