ಐದು ವರ್ಷದ ಮದುವೆ: ಗಯಟೆಯ ಒಂದು ತಮಾಷೆಯ ಓದು

ಮದುವೆಗೂ ಒಂದು ಅವಧಿ ಇರಲಿ, ಅದು ಮುಗಿದಾಗ ಇಬ್ಬರೂ ಒಪ್ಪಿದರೆ ಮಾತ್ರ ನವೀಕರಣವಾಗಲಿ ಎಂಬ ಮಾತು ಈ ಕಾಲದ ಹುಡುಗಾಟದಂತೆ ಕೇಳಿಸುತ್ತದೆ. 2007ರಲ್ಲಿ ಜರ್ಮನಿಯ ಬವೇರಿಯಾದ ರಾಜಕಾರಣಿ ಗೇಬ್ರಿಯೆಲೆ ಪೌಲಿ ಏಳು ವರ್ಷದ ಮದುವೆಯ ಪ್ರಸ್ತಾಪ ಇಟ್ಟಾಗ ಅವರ ಪಕ್ಷದವರೇ ತಿರುಗಿಬಿದ್ದರು. 2011ರಲ್ಲಿ ಮೆಕ್ಸಿಕೊ ನಗರದ ಶಾಸನಸಭೆಗೆ ಕನಿಷ್ಠ ಎರಡು ವರ್ಷದ ಮದುವೆ ಒಪ್ಪಂದದ ಪ್ರಸ್ತಾಪ ಬಂತು, ಅದು ಕಾನೂನಾಗಲಿಲ್ಲ. ಆದರೆ ಇದೇ ಮಾತನ್ನು ಗಯಟೆ 1809ರಲ್ಲೇ ತನ್ನ ಕಾದಂಬರಿಯೊಂದರಲ್ಲಿ, ಊಟದ ಹೊತ್ತಿನ ಹರಟೆಯಾಗಿ ಆಡಿಸಿದ್ದ. ಆ ಹರಟೆಯನ್ನು ನಿಧಾನವಾಗಿ ಓದಿದರೆ ಈ ಪ್ರಸ್ತಾಪದ ಗಟ್ಟಿಯೂ ಜೊಳ್ಳೂ ಎರಡೂ ಕಾಣುತ್ತವೆ ಎಂಬುದು ನನ್ನ ವಾದ.

ಕಾದಂಬರಿ 'ಎಲೆಕ್ಟಿವ್ ಅಫಿನಿಟೀಸ್'. ಎಡ್ವರ್ಡ್ ಮತ್ತು ಷಾರ್ಲೊಟೆ ಅನುಕೂಲಸ್ಥ ದಂಪತಿ. ಇಬ್ಬರಿಗೂ ಇದು ಎರಡನೇ ಮದುವೆ. ಎಡ್ವರ್ಡ್‌ನ ಗೆಳೆಯ ಕ್ಯಾಪ್ಟನ್, ಷಾರ್ಲೊಟೆಯ ಆಶ್ರಯದಲ್ಲಿರುವ ತಬ್ಬಲಿ ಹುಡುಗಿ ಒಟಿಲಿ ಆ ಮನೆಗೆ ಬಂದು ಸೇರುತ್ತಾರೆ. ರಾಸಾಯನಿಕ ವಸ್ತುಗಳು ಹಳೆಯ ಜೋಡಿ ಬಿಟ್ಟು ಹೊಸದರ ಜೊತೆ ಕೂಡುವಂತೆ ಎಡ್ವರ್ಡ್ ಒಟಿಲಿಯತ್ತ, ಷಾರ್ಲೊಟೆ ಕ್ಯಾಪ್ಟನ್‌ನತ್ತ ವಾಲುತ್ತಾರೆ. ಆಗ ಅತಿಥಿಯಾಗಿ ಬರುತ್ತಾನೆ ಒಬ್ಬ ಕೌಂಟ್. ತನ್ನ ಮದುವೆಯಿಂದ ಬಿಡುಗಡೆ ಸಿಗದೆ, ಪ್ರೀತಿಸಿದ ಬ್ಯಾರನೆಸ್ ಜೊತೆ ಕದ್ದುಮುಚ್ಚಿ ಕಾಲ ಕಳೆಯುವವನು. ಗೆಳೆಯನೊಬ್ಬನ ಸಲಹೆ ಎಂಬ ನೆಪದಲ್ಲಿ ಅವನು ಹೇಳುತ್ತಾನೆ: ಪ್ರತಿ ಮದುವೆಯೂ ಐದು ವರ್ಷಕ್ಕೆ ಮಾತ್ರ ಇರಲಿ. ಒಬ್ಬರನ್ನೊಬ್ಬರು ಅರಿಯಲು, ಮಕ್ಕಳಾಗಲು, ಜಗಳವಾಡಿ ಮತ್ತೆ ಒಂದಾಗಲು ಅಷ್ಟು ಸಾಕು. ಗಡುವು ಹತ್ತಿರವಾದಂತೆ ಇಬ್ಬರಲ್ಲಿ ಕನಿಷ್ಠ ಒಬ್ಬರಾದರೂ ಮುಂದುವರಿಕೆ ಬಯಸಿ ನಯವಾಗಿ ನಡೆದುಕೊಳ್ಳುತ್ತಾರೆ. ಇನ್ನೊಬ್ಬರೂ ಅದಕ್ಕೆ ಕರಗುತ್ತಾರೆ. ಕೊನೆಗೆ ದಿನಾಂಕವೇ ಮರೆತುಹೋಗಿ, ಮದುವೆ ಸದ್ದಿಲ್ಲದೆ ಮುಂದುವರಿದಿರುವುದು ಆಮೇಲೆ ಗೊತ್ತಾಗಿ ಸಂತೋಷವಾಗುತ್ತದೆ.

ವಿಮರ್ಶಕರು ಇದನ್ನು ಶ್ರೀಮಂತನೊಬ್ಬನ ಚೇಷ್ಟೆಯ ಮಾತೆಂದು ಬಿಟ್ಟುಬಿಡಬಹುದು. ಆದರೆ ಇದರೊಳಗೆ ಎರಡು ಎಳೆಗಳಿವೆ. ಮೊದಲನೆಯದು 'ಸದ್ದಿಲ್ಲದೆ' ಎಂಬುದು. ಪೌಲಿಯವರ ಪ್ರಸ್ತಾಪದಲ್ಲಿ ಮೌನವೆಂದರೆ ಮುಕ್ತಾಯ: ಏಳು ವರ್ಷದ ಕೊನೆಗೆ ಇಬ್ಬರೂ ಬಾಯಿಬಿಟ್ಟು ಹೂಂ ಅನ್ನದಿದ್ದರೆ ಮದುವೆ ಮುಗಿಯಿತು. ಕೌಂಟನ ಯೋಜನೆಯಲ್ಲಿ ಮೌನವೆಂದರೆ ಮುಂದುವರಿಕೆ. ಗಡುವು ಬೇಕೆಂದು ವಾದಿಸುವವನೇ ಗಡುವು ನೆನಪಿಲ್ಲದ ಮದುವೆಯನ್ನು ಒಳ್ಳೆಯ ಮದುವೆ ಎನ್ನುತ್ತಿದ್ದಾನೆ. ತಮಾಷೆ ತನ್ನನ್ನು ತಾನೇ ಸೋಲಿಸಿಕೊಳ್ಳುವುದು ಇಲ್ಲಿ.

ಎರಡನೆಯ ಎಳೆ 'ಕನಿಷ್ಠ ಒಬ್ಬರಾದರೂ' ಎಂಬುದು. ಆ ಒಬ್ಬರು ಯಾರು? ಕೌಂಟ್ ಹೇಳುವುದಿಲ್ಲ. ನವೀಕರಣ ಎಂದರೇನೆಂದು ಸಂಶೋಧನಾ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಫೆಲೋಶಿಪ್ ಮುಂದುವರಿಯಲು ಪ್ರಗತಿ ವರದಿ ಕೊಡಬೇಕು, ಅದಕ್ಕೆ ಮಾರ್ಗದರ್ಶಕರ ಸಹಿ ಬೇಕು. ಆ ತಿಂಗಳು ನಮ್ಮ ನಮಸ್ಕಾರ ಕೊಂಚ ಹೆಚ್ಚೇ ಬಾಗಿರುತ್ತದೆ. ಅದನ್ನು ಪ್ರೀತಿ ಎಂದು ಯಾರೂ ತಪ್ಪು ತಿಳಿಯುವುದಿಲ್ಲ. ಗಡುವಿನ ಮದುವೆಯಲ್ಲೂ ನಯವಾಗಿರಬೇಕಾದವರು ಹೊರಗೆ ಹೋದರೆ ನೆಲೆಯಿಲ್ಲದವರು. ಸ್ವಂತ ಮನೆ, ಸಂಬಳ ಇದ್ದವರಿಗೆ ಆ ದಿನಾಂಕ ಸ್ವಾತಂತ್ರ್ಯ. ಇಲ್ಲದವರಿಗೆ ಅದು ಐದು ವರ್ಷಕ್ಕೊಮ್ಮೆ ಬರುವ ಪರೀಕ್ಷೆ.

ಗಯಟೆಗೆ ಇದು ತಿಳಿಯದ್ದೇನಲ್ಲ. ಕ್ರಿಸ್ಟಿಯಾನೆ ವುಲ್ಪಿಯಸ್ ಜೊತೆ 1788ರಿಂದ ಹದಿನೆಂಟು ವರ್ಷ ಮದುವೆಯಿಲ್ಲದೆ ಬಾಳಿ, 1806ರಲ್ಲಿ ಆಕೆಯನ್ನು ಮದುವೆಯಾದವನು ಅವನು. ಆ ವರ್ಷಗಳಲ್ಲಿ ವೈಮಾರ್‌ನ ಗಣ್ಯರು ದೂರವಿಟ್ಟದ್ದು ಗಯಟೆಯನ್ನಲ್ಲ, ಕ್ರಿಸ್ಟಿಯಾನೆಯನ್ನು. ಹಾಗಿದ್ದೂ ಕಾದಂಬರಿಯಲ್ಲಿ ಈ ಅಸಮಾನತೆ ಚರ್ಚೆಗೆ ಬರುವುದಿಲ್ಲ ಎಂಬುದು ನನ್ನ ತಕರಾರು. ಮದುವೆಯೇ ನಾಗರಿಕತೆಯ ಬುಡ ಎಂದು ಗುಡುಗುವ ಮಿಟ್ಲರ್, ಅದನ್ನು ಲೇವಡಿ ಮಾಡುವ ಕೌಂಟ್ ಇಬ್ಬರೂ ಗಂಡಸರೇ. ಒಟಿಲಿಯ ಕಿವಿಗೆ ಇಂಥ ಮಾತು ಬೀಳಬಾರದೆಂದು ಷಾರ್ಲೊಟೆ ವಿಷಯ ಬದಲಿಸಲು ಹೆಣಗುತ್ತಾಳೆ. ಕೊನೆಗೆ ಎಲ್ಲದರ ಬೆಲೆ ತೆರುವವಳು ಆ ಒಟಿಲಿಯೇ: ಮಾತು ಬಿಟ್ಟು, ಅನ್ನ ಬಿಟ್ಟು ಸಾಯುತ್ತಾಳೆ. ಆಸ್ತಿಯಿಲ್ಲದ ಆ ತಬ್ಬಲಿಗೆ ನಿರಾಕರಣೆಯೊಂದೇ ಉಳಿದ ಸಹಿ.

ಕನ್ನಡದ ಓದುಗರಿಗೆ ಇಲ್ಲಿ ಕಾರ್ನಾಡರ 'ನಾಗಮಂಡಲ'ದ (1988) ರಾಣಿ ನೆನಪಾಗದಿರಳು. ಅಪ್ಪಣ್ಣ ಅವಳನ್ನು ಒಳಗಿಟ್ಟು ಬೀಗ ಹಾಕುತ್ತಾನೆ, ಮಧ್ಯಾಹ್ನದ ಊಟಕ್ಕಷ್ಟೇ ಬರುತ್ತಾನೆ, ರಾತ್ರಿ ಸೂಳೆಯ ಮನೆಯಲ್ಲಿ ಕಳೆಯುತ್ತಾನೆ. ಅವರ ಮದುವೆಗೆ ಐದು ವರ್ಷದ ಅವಧಿ ಇದ್ದಿದ್ದರೆ? ಗಡುವಿನ ದಿನ ಅಪ್ಪಣ್ಣ ಸುಮ್ಮನಿದ್ದರೆ ಸಾಕಿತ್ತು. ರಾಣಿ ಬೀದಿಗೆ ಬೀಳುತ್ತಿದ್ದಳು. ಅವಳಿಗೆ ಬೇಕಿದ್ದದ್ದು ದಿನಾಂಕವಲ್ಲ, ಬೀಗದ ಕೈ.

ಹಾಗೆಂದು ನವೀಕರಣವಾದಿಗಳ ಸಿಟ್ಟು ಸುಳ್ಳಲ್ಲ. ನಮ್ಮ ನೋಂದಣಿ ಪತ್ರಕ್ಕೆ ಅವಧಿಯಿಲ್ಲ, ಬಿಡಬೇಕೆಂದವರೇ ಓಡಾಡಬೇಕು. 1955ರ ಹಿಂದೂ ವಿವಾಹ ಕಾಯ್ದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರಲ್ಲಿ. ಅದಕ್ಕೂ ಇಬ್ಬರ ಸಹಿ ಬೇಕು. ಒಬ್ಬರೇ ಹೊರಬರಬೇಕೆಂದರೆ ಕ್ರೌರ್ಯವನ್ನೋ ಮತ್ತೊಂದನ್ನೋ ರುಜುವಾತು ಮಾಡಬೇಕು. ಬದುಕು ಸುಮ್ಮನೆ ಬತ್ತಿಹೋಯಿತು ಎಂದರೆ ಕೆಳಗಿನ ನ್ಯಾಯಾಲಯಕ್ಕೆ ಅದು ಕಾರಣವಲ್ಲ. ಈ ಬಿಗಿಯೇ ಗಡುವಿನ ಕನಸನ್ನು ಹುಟ್ಟಿಸುತ್ತದೆ.

ಆದರೆ ಬಿಡಲು ಓಡಾಡುವ ಭಾರವನ್ನು ಉಳಿಯಲು ಓಡಾಡುವವರ ಮೇಲೆ ಹೊರಿಸಿದರೆ ಭಾರ ತಲೆ ಬದಲಿಸುತ್ತದೆ, ಇಳಿಯುವುದಿಲ್ಲ. ಮನೆಯಲ್ಲಿ ನನ್ನ ಮದುವೆಯ ಮಾತು ಬಂದಾಗಲೆಲ್ಲ ಗೆಳತಿಯರು ಈ ಐದು ವರ್ಷದ ಯೋಜನೆಯನ್ನು ಅರ್ಧ ತಮಾಷೆಯಾಗಿ ಮುಂದಿಡುತ್ತಾರೆ. ನಾನು ಕೇಳುವುದು ಬೇರೆ: ಮದುವೆಯಲ್ಲಿದ್ದಾಗಲೂ ನನ್ನ ಹೆಸರಿನಲ್ಲೊಂದು ದುಡಿಮೆ, ಆರೋಪ ಹೊರಿಸದೆಯೇ ಹೊರಡಬಲ್ಲ ಒಂದು ದಾರಿ. ಇವೆರಡೂ ಇದ್ದರೆ ಪ್ರತಿ ಬೆಳಗೂ ನವೀಕರಣವೇ. ಇವಿಲ್ಲದಿದ್ದರೆ ಐದು ವರ್ಷಕ್ಕೊಮ್ಮೆ ಹಾಕುವ ಸಹಿಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.