ದಾರಿ ಯಾರದೆಂದು ಕೇಳದ ವಾರಾಂತ್ಯ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳಿಗೆ ಕಡಿಮೆಯಿಲ್ಲ. ಅಪ್ಪ ಅಮ್ಮ ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿ ಬರುತ್ತಾರೆ. ಬಂದವರು ತೋರಿಸುವ ಫೋಟೊಗಳಲ್ಲಿ ಹೆಚ್ಚಿನವು ಶನಿವಾರ, ಭಾನುವಾರ ತೆಗೆದವು. ಉಳಿದ ಐದು ದಿನ ಮಕ್ಕಳು ಕೆಲಸಕ್ಕೆ, ಹಿರಿಯರು ಮನೆಯೊಳಗೆ. ಹೀಗಾಗಿ ವಾರಾಂತ್ಯದ ಸುತ್ತಾಟ ಹೊರನಾಡಿನ ಕನ್ನಡ ಕುಟುಂಬಗಳಿಗೆ ಹಬ್ಬದಷ್ಟೇ ಮುಖ್ಯವಾಗಿಬಿಟ್ಟಿದೆ. ಒಂದು ಪುಸ್ತಕವನ್ನೋ ನಾಟಕವನ್ನೋ ತೂಗಿ ನೋಡುವಷ್ಟೇ ಶ್ರದ್ಧೆಯಿಂದ ಈ ರೂಢಿಯನ್ನೂ ತೂಗಿ ನೋಡಬೇಕು.

ಇದರಲ್ಲಿ ಎರಡು ಬಗೆಯಿದೆ. ಒಂದು ಕಾರಿನ ಸುತ್ತಾಟ. ಲಂಡನ್ ಕಡೆಯವರಾದರೆ ಒಂದೇ ದಿನದಲ್ಲಿ ಸ್ಟೋನ್‌ಹೆಂಜ್ ಮತ್ತು ಬಾತ್. ನ್ಯೂಜೆರ್ಸಿಯವರಾದರೆ ಎರಡು ದಿನದಲ್ಲಿ ನಯಾಗರಾ. ಇಳಿದು, ಫೋಟೊ ತೆಗೆದು, ಮುಂದಕ್ಕೆ ಹೊರಡುವ ಈ ಅವಸರದಲ್ಲಿ ಊರು ಮನಸ್ಸಿಗೆ ಇಳಿಯುವುದಿಲ್ಲ. ಆದರೂ ನಾನದನ್ನು ತಳ್ಳಿಹಾಕಲಾರೆ. ಬುತ್ತಿಯ ಚಿತ್ರಾನ್ನ, ಮೊಸರನ್ನದ ಜೊತೆ ಮೂರು ತಲೆಮಾರಿನವರು ಗಂಟೆಗಟ್ಟಲೆ ಒಟ್ಟಿಗೆ ಕೂರುವುದು ಅಲ್ಲಿ ಕಾರಿನೊಳಗೇ. ನೋಡಿದ ಜಾಗಕ್ಕಿಂತ ಆಡಿದ ಮಾತು ದೊಡ್ಡದಾಗುವ ಪ್ರಯಾಣ ಅದು.

ಎರಡನೆಯದು ಕಾಲ್ನಡಿಗೆ. ಹೆಚ್ಚು ಬೆಲೆಯುಳ್ಳದ್ದು ಇದೇ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಭಾನುವಾರ ನಡೆಯಲು ಹೊರಟರೆ, ‘ಪಬ್ಲಿಕ್ ಫುಟ್‌ಪಾತ್’ ಎಂಬ ಫಲಕ ನೇರ ಯಾರದೋ ಹೊಲದೊಳಕ್ಕೆ ಕೈ ತೋರಿಸುತ್ತದೆ. ಎರಡೂ ಕಡೆ ಗೋಧಿ, ನಡುವೆ ಕಾಲುದಾರಿ. ಬದುವಿಗಾಗಿ ಅಣ್ಣತಮ್ಮಂದಿರೇ ಕೋರ್ಟು ಹತ್ತುವುದನ್ನು ಕಂಡ ನಮ್ಮ ಕಡೆಯವರಿಗೆ ಅಲ್ಲಿ ಕಾಲಿಡಲು ಅಳುಕು. ಆದರೆ ಹೊಲದ ಒಡೆಯ ತಡೆಯುವಂತಿಲ್ಲ. ಉತ್ತಾಗ ದಾರಿ ಅಳಿಸಿಹೋದರೆ ಅವನೇ ಅದನ್ನು ಮತ್ತೆ ಮಾಡಿಕೊಡಬೇಕು, ಕಾನೂನು ಹಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹಕ್ಕಿನ ದಾರಿಗಳು ಸುಮಾರು 2,25,000 ಕಿಲೊಮೀಟರ್ ಇವೆ. ಸ್ವಿಟ್ಜರ್ಲೆಂಡಿನಲ್ಲಿ ಹಳದಿ ಫಲಕಗಳ ನಡಿಗೆ ದಾರಿ ಸುಮಾರು 65,000 ಕಿಲೊಮೀಟರ್. ಮುಂದಿನ ಊರಿಗೆ ನಡೆದು ಹೋಗಲು ಎಷ್ಟು ಹೊತ್ತು ಬೇಕೆಂದು ಆ ಫಲಕಗಳೇ ಹೇಳುತ್ತವೆ. 1979ರಲ್ಲಿ ಅಲ್ಲಿನ ಜನ ಮತ ಹಾಕಿ ಕಾಲುದಾರಿಯನ್ನು ಸಂವಿಧಾನದೊಳಗೇ ಸೇರಿಸಿದರು.

ಇಷ್ಟನ್ನೆಲ್ಲ ತುಳಿದು ಬಂದ ನಮ್ಮವರು ಊರಲ್ಲಿ ಹೇಳುವುದೇನು? ‘ಏನ್ ಚಂದ ಐತ್ರೀ, ಏನ್ ಶಿಸ್ತು! ನಮ್ಮಲ್ಲಿ ಇದೆಲ್ಲ ಆಗಾಂಗಿಲ್ಲ ಬಿಡ್ರಿ.’ ನನ್ನ ತಕರಾರು ಈ ಮಾತಿನ ಮೇಲೆ. ಹುಲ್ಲು, ಹೂವು, ಮೋಡ ಕಂಡವರಿಗೆ ಕಾಲ ಕೆಳಗಿನ ದಾರಿ ಕಾಣಲಿಲ್ಲ. ಹಟದಿಂದ ಗಳಿಸಿದ್ದನ್ನು ಆ ಜನರ ಹುಟ್ಟುಗುಣವೆಂದು ತಿಳಿದರು.

ಆ ಹಟದ ಕಥೆ ಹೀಗಿದೆ. 1932ರ ಏಪ್ರಿಲ್ 24, ಒಂದು ಭಾನುವಾರ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯಿಂದ ಬಂದ ನೂರಾರು ಯುವ ಕೆಲಸಗಾರರು ಕಿಂಡರ್ ಸ್ಕೌಟ್ ಎಂಬ ಬೋಳುಗುಡ್ಡವನ್ನು ಹತ್ತಿದರು. ಅದು ಸಿರಿವಂತರು ಹಕ್ಕಿಬೇಟೆಗೆಂದು ಕಾಯ್ದಿಟ್ಟುಕೊಂಡ ಜಾಗ. ವಾರವೆಲ್ಲ ಹೊಗೆ ಕುಡಿದವರಿಗೆ ಭಾನುವಾರ ಅಲ್ಲಿ ಉಸಿರಾಡುವ ಹಕ್ಕಿರಲಿಲ್ಲ. ಕಾವಲುಗಾರರೊಂದಿಗೆ ಕೈಕೈ ಮಿಲಾಯಿಸಿದರು. ಇಪ್ಪತ್ತರ ಹರೆಯದ ಬೆನ್ನಿ ರಾಥ್‌ಮನ್ ಸೇರಿ ಐವರಿಗೆ ಜೈಲಾಯಿತು. ಮುಂದೆ 1949ರ ಒಂದು ಕಾಯ್ದೆಯಲ್ಲಿ, ಅಲ್ಲಿನ ಜಿಲ್ಲೆಗಳಾದ ಕೌಂಟಿಗಳು ತಮ್ಮ ಕಾಲುದಾರಿಗಳ ಅಧಿಕೃತ ನಕಾಶೆ ಮಾಡಬೇಕೆಂದಾಯಿತು. 1951ರಲ್ಲಿ ಆ ಗುಡ್ಡವಿರುವ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟ, ಬೋಳುಗುಡ್ಡಗಳ ಮೇಲೆ ತಿರುಗಾಡುವ ಹಕ್ಕು ಕಾನೂನಾಗಲು 2000ದ ತನಕ ಕಾಯಬೇಕಾಯಿತು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ, ಹತ್ತಿ ಗಿರಣಿಗಳ ಊರಾದ ದಾವಣಗೆರೆಯವರಿಗೆ ಈ ಕಥೆ ಪರರದೆನಿಸಬಾರದು.

ನಮ್ಮಲ್ಲಿ ದಾರಿಗಳೇ ಇಲ್ಲವೇ? ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆರೆದು ನೋಡಿ. ಚುಕ್ಕಿಗೆರೆಯ ಕಾಲುದಾರಿ, ಬಂಡಿದಾರಿ ಊರಿಂದ ಊರಿಗೆ, ಊರಿಂದ ಹಳ್ಳಕ್ಕೆ, ಕೆರೆಗೆ ಹರಿದಿವೆ. ‘ನಕಾಶೆ ಕಂಡ ದಾರಿ’ಯನ್ನು ಮುಚ್ಚಿದರೆ ತಹಶೀಲ್ದಾರರ ಹತ್ತಿರ ಅರ್ಜಿ ಹೋಗುತ್ತದೆ. ಆದರೆ ಅರ್ಜಿ ಕೊಡುವವನು ಹೊಲಕ್ಕೆ ಹೋಗಲಾಗದ ರೈತ ಮಾತ್ರ. ನಡೆಯುವವರ ಪರವಾಗಿ ಕೇಳುವವರಿಲ್ಲ. ನಡಿಗೆಯೂ ನಮಗೆ ಹೊಸದಲ್ಲ. ಕೊಟ್ಟೂರು ಬಸವೇಶ್ವರನ ತೇರಿಗೆ ದಾವಣಗೆರೆಯಿಂದ ಪಾದಯಾತ್ರೆ ಹೋಗುವವರ ಸಾಲನ್ನು ಕಂಡವರಿಗೆ ಅದು ಗೊತ್ತು. ಆ ಭಕ್ತರು ನಡೆಯುವುದು ಲಾರಿ, ಬಸ್ಸು ಓಡಾಡುವ ಡಾಂಬರು ರಸ್ತೆಯ ಅಂಚಿನಲ್ಲಿ.

ಇನ್ನು ಬಡಾವಣೆಯ ಒಳಗೆ. ಹೊರದೇಶದ ಫುಟ್‌ಪಾತನ್ನು ಬಾಯಿತುಂಬ ಹೊಗಳುವ ನಾವೇ ಇಲ್ಲಿ ಮನೆ ಮುಂದಿನ ಫುಟ್‌ಪಾತಿಗೆ ಬೇಲಿ ಕಟ್ಟಿ ಹೂಗಿಡ ಬೆಳೆಸುತ್ತೇವೆ, ಕಾರು ಹತ್ತಿಸಲು ಇಳಿಜಾರು ಹಾಕುತ್ತೇವೆ, ಆಮೇಲೆ ಸಕ್ಕರೆ ಕಾಯಿಲೆಗೆ ಹೆದರಿ ಪಾರ್ಕಿನಲ್ಲಿ ಸುತ್ತು ಹಾಕುತ್ತೇವೆ. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದು. ಸರಿಯಾದ ಫುಟ್‌ಪಾತ್ ಪಾದಚಾರಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಯೋಜನೆ ಬಂತು, ತೀರ್ಪು ಬಂತು. ಬೇಲಿ ತೆಗೆಯಬೇಕಾದವರು ನಾವು.

ದಾರಿಯ ಮಾತಾಯಿತು, ಇನ್ನು ನಡಿಗೆಯ ನಿಧಾನ. ಹತ್ತಿರದ ಹರಿಹರವನ್ನೇ ನೋಡಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇಗುಲ ಅಲ್ಲಿದೆ. ಅರ್ಧ ಹರ, ಅರ್ಧ ಹರಿ, ಮೂರ್ತಿ ಒಂದೇ. ಪಕ್ಕದಲ್ಲಿ ತುಂಗಭದ್ರೆ. ಇಂಗ್ಲೆಂಡಿನ ಹೊಲದ ದಾರಿಗಳಲ್ಲಿ ನಿಧಾನವಾಗಿ ನಡೆದವರು ಇಲ್ಲಿ ಕಾರಿಳಿದು, ಮಂಗಳಾರತಿ ತಗೊಂಡು, ಬೆಣ್ಣೆದೋಸೆಯ ಹೊತ್ತಿಗೆ ದಾವಣಗೆರೆಗೆ ವಾಪಸು. ಕಂಬಗಳ ಕೆತ್ತನೆ, ಶಾಸನದ ಕಲ್ಲು, ಹೊಳೆಯ ದಂಡೆ, ಎಲ್ಲ ಕಣ್ತಪ್ಪುತ್ತವೆ. ಅಲ್ಲಿ ಕಲಿತ ನಿಧಾನ ಇಲ್ಲಿ ಏಕೆ ಬರಲಿಲ್ಲವೆಂದರೆ, ಅದನ್ನು ನಾವು ಆ ದೇಶದ ವಸ್ತುವೆಂದು ಅಲ್ಲೇ ಬಿಟ್ಟು ಬಂದೆವು.

ಹೊರದೇಶದ ವಾರಾಂತ್ಯದ ನಡಿಗೆ ಒಳ್ಳೆಯ ರೂಢಿ. ಹಿರಿಯರ ಒಂಟಿತನ ಕಳೆಯುತ್ತದೆ, ಮೈಗೆ ಹಿತ, ಮೊಮ್ಮಕ್ಕಳ ಕೈ ಹಿಡಿಯುವ ಸುಖ ಬೇರೆ. ಆದರೆ ಈ ದಾರಿ ಯಾರದು, ಯಾರು ಬಿಡಿಸಿಕೊಟ್ಟರು ಎಂದು ಕೇಳುವ ತನಕ ಅದು ಅರ್ಧ ಓದಿದ ಪುಸ್ತಕ. ಮುಂದಿನ ಸಲ ಹೋಗುವವರು ಮಗನನ್ನೋ ಮಗಳನ್ನೋ ಆ ಪ್ರಶ್ನೆ ಕೇಳಲಿ. ಬಂದ ಮೇಲೆ ತಮ್ಮೂರಿನ ಗ್ರಾಮ ನಕಾಶೆ ತೆಗೆದು ಒಂದು ಚುಕ್ಕಿಗೆರೆಯನ್ನಾದರೂ ನಾಲ್ಕು ಜನರ ಜೊತೆ ನಡೆದು ನೋಡಲಿ. ಮುಚ್ಚಿದ್ದರೆ ತೆರೆಯಿಸಲು ಅರ್ಜಿ ಕೊಡಲಿ. ಅದಕ್ಕೂ ಮೊದಲು ತಮ್ಮ ಗೇಟಿನ ಮುಂದಿನ ಫುಟ್‌ಪಾತನ್ನು ನಡೆಯುವವರಿಗೆ ಬಿಟ್ಟುಕೊಡಲಿ.